ನ್ಯೂಯಾರ್ಕ್‌ನಲ್ಲಿ ಕಾರಿನ ವಿಮೆ ನಿಲ್ಲಿಸುವ ಮುಂಚೆ
ಕೆಲವು ತಿಂಗಳು ಊರಿಗೆ ಹೋಗುವವರು ಕಾರಿನ ವಿಮೆ ನಿಲ್ಲಿಸುವುದಿದ್ದರೆ ಮೊದಲು ನಂಬರ್ ಪ್ಲೇಟ್ ಬಿಚ್ಚಿ ಡಿಎಂವಿಗೆ (ಮೋಟಾರು ವಾಹನ ಇಲಾಖೆಗೆ) ಒಪ್ಪಿಸಿ, ಎಫ್‌ಎಸ್-6ಟಿ ರಸೀದಿ ತಗೊಳ್ಳಿ. ವಿಮೆ ರದ್ದು ಆಮೇಲೆ. ಹೆಚ್ಚಿನವರು ಎಡವೋದು ಈ ಕ್ರಮದಲ್ಲೇ. ಗ್ಯಾರೇಜಿನಲ್ಲೇ ನಿಂತಿದ್ದರೂ ನೋಂದಣಿಯಿರುವ ಕಾರಿಗೆ ವಿಮೆ ಬೇಕೇ ಬೇಕು. ರದ್ದಾದ ಸುದ್ದಿಯನ್ನು ಕಂಪನಿಯೇ ಡಿಎಂವಿಗೆ ಮುಟ್ಟಿಸುತ್ತದೆ.

ಪ್ಲೇಟ್ ಒಪ್ಪಿಸದೆ ವಿಮೆ ನಿಂತರೆ ನೋಂದಣಿ ಅಮಾನತಾಗುತ್ತದೆ. ವಿಮೆಯಿಲ್ಲದ ದಿನಗಳಿಗೆ ದಂಡ ಮೊದಲ 30 ದಿನ ದಿನಕ್ಕೆ 8 ಡಾಲರ್, 60ರವರೆಗೆ 10, 90ರವರೆಗೆ 12. ಅಂದರೆ 45 ದಿನಕ್ಕೆ 390 ಡಾಲರ್. 36 ತಿಂಗಳಲ್ಲಿ ಒಮ್ಮೆ ಮಾತ್ರ ಹೀಗೆ ದಂಡ ಕಟ್ಟಿ ನೋಂದಣಿ ಬಿಡಿಸಿಕೊಳ್ಳಬಹುದು. 90 ದಿನ ದಾಟಿತೋ, ದುಡ್ಡು ಕೊಟ್ಟರೂ ಆಗಲ್ಲ, ಲೈಸೆನ್ಸ್ ಕೂಡ ಅಮಾನತಾಗುತ್ತದೆ.

ಪ್ಲೇಟಿಲ್ಲದ ಕಾರನ್ನು ರಸ್ತೆಬದಿ ನಿಲ್ಲಿಸುವಂತಿಲ್ಲ, ಖಾಸಗಿ ಜಾಗ ಮೊದಲೇ ನೋಡಿಕೊಳ್ಳಿ.