ಟಂಗ್ ಥ್ರಸ್ಟ್ ಇರುವ ಮಕ್ಕಳಿಗೆ ನಾಲಿಗೆ ವ್ಯಾಯಾಮ: ನಾನು ಮಾಡಿಸುವ ರೀತಿ

ಕ್ಲಿಪ್ ತೆಗೆಸಿದ ಮೇಲೆ ಮುಂದಿನ ಹಲ್ಲುಗಳಲ್ಲಿ ಮತ್ತೆ ಸಂದು ಬಿದ್ದಿದೆ ಎಂದು ಬರುವ ಮಕ್ಕಳೇ ನನ್ನ ವಾಕ್ ಚಿಕಿತ್ಸೆಯ ಕೋಣೆಗೆ ಹೆಚ್ಚು. ದಂತವೈದ್ಯರ ಚೀಟಿಯಲ್ಲಿ ‘ಟಂಗ್ ಥ್ರಸ್ಟ್’ ಎಂದಿರುತ್ತದೆ, ಅಂದರೆ ನುಂಗುವಾಗ ನಾಲಿಗೆ ಅಂಗುಳಿಗೆ ಏರದೆ ಹಲ್ಲಿನ ಸಂದಿಗೆ ನುಗ್ಗುತ್ತದೆ. ‘ನಾಲಿಗೆಗೆ ಶಕ್ತಿ ಬರೋ ಎಕ್ಸರ್‌ಸೈಜ್ ಹೇಳಿ ಮೇಡಂ’ ಅಂತ ಪೋಷಕರು ಕೇಳುತ್ತಾರೆ. ಶಕ್ತಿ ಬೇಕಾದಷ್ಟಿರುತ್ತದೆ, ನಾಲಿಗೆ ಕೂರುವ ಜಾಗ ತಪ್ಪಿರುತ್ತದೆ. ಒಂದು ಸಲ ನುಂಗುವಾಗ ಹಲ್ಲಿನ ಮೇಲೆ ಬೀಳುವ ಒತ್ತಡ ಸೆಕೆಂಡಿನೊಳಗೆ ಮುಗಿಯುತ್ತದೆ. ಟಿವಿ ನೋಡುವಾಗ, ಓದುವಾಗ, ನಿದ್ದೆಯಲ್ಲಿ ನಾಲಿಗೆ ಕೆಳಗೆ ಜಾರಿ ಮುಂದಿನ ಹಲ್ಲಿಗೆ ಗಂಟೆಗಟ್ಟಲೆ ಒರಗಿರುತ್ತದಲ್ಲ, ಆ ಹಗುರ ಒತ್ತಡವೇ ಹಲ್ಲನ್ನು ಸರಿಸುವುದು. ಆದ್ದರಿಂದ ನುಂಗುವುದನ್ನು ಮಾತ್ರ ತಿದ್ದಿ ನಿಲ್ಲಿಸಿದರೆ ಸಂದು ಮುಚ್ಚುವುದಿಲ್ಲ.

ವ್ಯಾಯಾಮಕ್ಕೆ ಮುಂಚೆ ಮೂಗು ನೋಡಬೇಕು. ಬಾಯಲ್ಲಿ ಒಂದು ಗುಟುಕು ನೀರಿಟ್ಟು, ನುಂಗದೆ, ತುಟಿ ಮುಚ್ಚಿ ಎರಡು ನಿಮಿಷ ಮೂಗಲ್ಲಿ ಉಸಿರಾಡಿಸುತ್ತೇನೆ. ಅರ್ಧ ನಿಮಿಷಕ್ಕೇ ಚಡಪಡಿಸಿದರೆ ಮೊದಲು ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಬೇಕು. ಮೂಗಿನ ಹಿಂದಿರುವ ಅಡೆನಾಯ್ಡ್ ಗ್ರಂಥಿ ಬೆಳೆದೋ ಅಲರ್ಜಿಯಿಂದಲೋ ಮೂಗು ಕಟ್ಟಿದ ಮಗು ಉಸಿರಾಟಕ್ಕಾಗಿಯೇ ನಾಲಿಗೆ ಇಳಿಸಿಕೊಂಡಿರುತ್ತದೆ. ಅದಕ್ಕೆ ನಾಲಿಗೆ ಮೇಲಿಡು ಎಂದು ಗದರಿ ಪ್ರಯೋಜನವಿಲ್ಲ. ಆಮೇಲೆ ನಾಲಿಗೆ ಕೆಳಗಿನ ಪೊರೆ. ಬಾಯಿ ಪೂರ್ತಿ ತೆರೆಸಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ಅಂತರ ಅಳೆಯುತ್ತೇನೆ. ನಾಲಿಗೆ ತುದಿಯನ್ನು ಮೇಲಿನ ಮುಂದಿನ ಹಲ್ಲುಗಳ ಹಿಂದೆ ಇಡಿಸಿ ಮತ್ತೆ ಅಳೆಯುತ್ತೇನೆ. ಎರಡನೆಯದು ಮೊದಲಿನದರ ಅರ್ಧಕ್ಕಿಂತ ಕಡಿಮೆಯಾದರೆ ಪೊರೆ ಎಳೆಯುತ್ತಿದೆ, ವೈದ್ಯರಿಗೆ ತೋರಿಸಬೇಕು. ಬೆರಳು ಚೀಪುವ ಅಭ್ಯಾಸ ಇದ್ದರೆ ಅದನ್ನು ಬಿಡಿಸಿದ ಮೇಲೆಯೇ ಮುಂದಿನ ಮಾತು. ಏಳೆಂಟು ವರ್ಷಕ್ಕಿಂತ ಸಣ್ಣವರಿಗೆ ನಾನು ಸಾಮಾನ್ಯವಾಗಿ ಈ ಪೂರ್ತಿ ಕ್ರಮ ಶುರು ಮಾಡುವುದಿಲ್ಲ. ಹಾಲುಗೂಸುಗಳು ನಾಲಿಗೆ ಮುಂದೆ ತಂದೇ ನುಂಗುವುದು ಸಹಜ, ಹಲವರಲ್ಲಿ ಅದು ತಾನಾಗಿ ಬದಲಾಗುತ್ತದೆ.

ಬೇಕಾದ ಸಾಮಾನು: ಕೈಗನ್ನಡಿ, ಐಸ್‌ಕ್ರೀಂ ಕಡ್ಡಿ, ಹಲ್ಲಿನ ಕ್ಲಿಪ್ಪಿಗೆ ಹಾಕುವ ಸಣ್ಣ ಎಲಾಸ್ಟಿಕ್ ರಿಂಗು, ಗಟ್ಟಿ ದಾರ ಕಟ್ಟಿದ ಕೋಟಿನ ಗುಂಡಿ, ಒಂದು ಟೀ ಚಮಚ.

ಜಾಗ ತೋರಿಸಲು ಕನ್ನಡದ ಅಕ್ಷರಗಳೇ ಸಾಕು. ‘ತ’ ಅಂದರೆ ತುದಿ ಹಲ್ಲಿಗೆ ತಾಗುತ್ತದೆ, ‘ಳ’ ಅಂದರೆ ಮಡಚಿ ತೀರಾ ಹಿಂದೆ ಹೋಗುತ್ತದೆ. ‘ಲ’ ಎಂದು ಎಳೆದು ಹೇಳಿ ಅಲ್ಲೇ ನಿಲ್ಲಿಸಿದರೆ ತುದಿ ಹಲ್ಲಿನ ಹಿಂದಿನ ಉಬ್ಬಿನ ಮೇಲೆ ಕೂರುತ್ತದೆ. ನಮಗೆ ಬೇಕಾದದ್ದು ಅದೇ. ತುದಿ ಹಲ್ಲಿಗೆ ತಾಗಬಾರದು, ನಾಲಿಗೆಯ ಹಿಂಭಾಗವೂ ಅಂಗುಳಿಗೆ ಅಂಟಿರಬೇಕು.

ಮೊದಲ ವ್ಯಾಯಾಮ ಕುದುರೆ ಸದ್ದು. ನಾಲಿಗೆಯನ್ನು ಅಗಲವಾಗಿ ಅಂಗುಳಿಗೆ ಹೀರಿ ಹಿಡಿದು ‘ಟಕ್’ ಎಂದು ಬಿಡಿಸುವುದು, ನಿಧಾನವಾಗಿ ಹದಿನೈದು ಸಲ, ದಿನಕ್ಕೆ ಎರಡು ಹೊತ್ತು. ಸದ್ದು ಕೇಳಿಯೇ ಸರಿ ತಪ್ಪು ಹೇಳಬಹುದು. ಪೂರ್ತಿ ಹೀರಿದರೆ ಟೊಳ್ಳಾದ, ಆಳದ ಸದ್ದು. ತುದಿ ಮಾತ್ರ ಬಡಿದರೆ ತೆಳು ಚಿಟಿಕೆ ಸದ್ದು. ಹೆಚ್ಚಿನ ಮಕ್ಕಳು ನಾಲಿಗೆ ಎತ್ತುವ ಬದಲು ಕೆಳದವಡೆಯನ್ನೇ ಎತ್ತಿ ಕೆಲಸ ಮುಗಿಸುತ್ತಾರೆ. ಅದಕ್ಕೆ ಕನ್ನಡಿ ಮುಂದೆ ಕೂರಿಸಿ, ಗದ್ದದ ಮೇಲೆ ಅವರದೇ ಬೆರಳು ಇಡಿಸಿ ದವಡೆ ಅಲುಗದಂತೆ ನೋಡಿಕೊಳ್ಳಲು ಹೇಳುತ್ತೇನೆ. ಸದ್ದು ಸರಿಬಂದ ಮೇಲೆ ಬಿಡಿಸದೆ ಹಾಗೇ ಹೀರಿ ಹಿಡಿದು ಬಾಯಿ ತೆರೆಯುವುದು: ಹತ್ತು ಸೆಕೆಂಡು, ಐದು ಸಲ. ನಿಧಾನಕ್ಕೆ ಮೂವತ್ತು ಸೆಕೆಂಡಿಗೆ ಏರಿಸುವುದು. ಪಕ್ಕಗಳು ಕಳಚಿ ನಡುಭಾಗ ಮಾತ್ರ ಅಂಟಿದ್ದರೆ ಲೆಕ್ಕಕ್ಕಿಲ್ಲ.

ಎರಡನೆಯದು ಎಲಾಸ್ಟಿಕ್. ರಿಂಗನ್ನು ನಾಲಿಗೆ ತುದಿಯ ಮೇಲಿಟ್ಟು ‘ಲ’ ಜಾಗಕ್ಕೆ ಒತ್ತಿ, ದವಡೆ ಹಲ್ಲು ಕಚ್ಚಿ, ತುಟಿ ತೆರೆದು ನಕ್ಕ ಹಾಗೆ ಮಾಡಿ ಜೊಲ್ಲು ನುಂಗಬೇಕು. ರಿಂಗು ಅಲ್ಲೇ ಉಳಿದರೆ ಪಾಸು. ಅದು ಹಲ್ಲಿನ ಮುಂದೆ ಬಂದರೆ ನಾಲಿಗೆ ನೂಕಿದೆ ಎಂದರ್ಥ. ಶ್ವಾಸನಾಳಕ್ಕೆ ಜಾರುವ ಅಪಾಯ ಇರುವುದರಿಂದ ರಿಂಗಿಗೆ ಹಲ್ಲಿನ ಫ್ಲಾಸ್ ದಾರ ಕಟ್ಟಿ ಹೊರಗೆ ಬಿಟ್ಟಿರಬೇಕು. ಮಲಗಿಕೊಂಡು, ಓಡಾಡಿಕೊಂಡು ಮಾಡಿಸಲೇಬೇಡಿ.

ನುಂಗುವುದಕ್ಕೆ ಚಮಚದಲ್ಲಿ ಅರ್ಧದಷ್ಟು ನೀರು ಸಾಕು. ತುದಿ ಜಾಗದಲ್ಲಿ, ದವಡೆ ಹಲ್ಲು ಕೂಡಿಸಿ, ನೀರನ್ನು ಹಿಂದಕ್ಕೆ ಹೀರಿ ನುಂಗು. ಊಟಕ್ಕೆ ಮುಂಚೆ ಹತ್ತು ಸಲ. ತುಟಿ ತೆರೆದಿದ್ದೂ ನೀರು ಸೋರಲಿಲ್ಲ ಎಂದರೆ ಮುಂದಿನ ಹೆಜ್ಜೆ ಮೊಸರನ್ನ, ಆಮೇಲೆ ಇಡ್ಲಿ, ಆಮೇಲೆ ಚಪಾತಿ. ಲೋಟದಿಂದ ಗಟಗಟ ಕುಡಿಯುವುದೇ ಎಲ್ಲಕ್ಕಿಂತ ಕಷ್ಟ, ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ನಮ್ಮ ಮನೆಗಳಲ್ಲಿ ಚೊಂಬು, ಬಾಟಲಿ ಎತ್ತಿ ಬಾಯಿಗೆ ಸುರಿದುಕೊಳ್ಳುವ ರೂಢಿ ಇದೆ. ಎಂಜಲಿನ ಲೆಕ್ಕದಲ್ಲಿ ಒಳ್ಳೆಯದೇ, ಆದರೆ ತಲೆ ಹಿಂದಕ್ಕೆ ಬಾಗಿ, ಬಾಯಿ ತೆರೆದೇ ನುಂಗಿದಾಗ ಹಳೆಯ ಅಭ್ಯಾಸ ಮರಳಿ ಬರುತ್ತದೆ. ಈ ತಿಂಗಳುಗಳ ಮಟ್ಟಿಗೆ ಸ್ವಂತ ಲೋಟ ಕಚ್ಚಿಯೇ ಕುಡಿಯಲಿ ಎನ್ನುತ್ತೇನೆ. ಅಜ್ಜಿಯರಿಗೆ ಇದು ಒಗ್ಗುವುದಿಲ್ಲ, ಮಗುವಿಗೊಂದು ಬೇರೆ ಲೋಟ ಇಟ್ಟರೆ ಜಗಳ ತಪ್ಪುತ್ತದೆ.

ತುಟಿಗೆ ಗುಂಡಿ. ಹಲ್ಲಿಗೂ ತುಟಿಗೂ ನಡುವೆ ಗುಂಡಿ ಇಟ್ಟು ತುಟಿ ಮುಚ್ಚಿಸಿ, ದಾರವನ್ನು ನೇರ ಮುಂದಕ್ಕೆ ಎಳೆದು ಹತ್ತು ಸೆಕೆಂಡು ತಡೆಯಿಸುವುದು, ಹತ್ತು ಸಲ. ಹೋಂವರ್ಕ್ ಮಾಡುವಾಗ ಐಸ್‌ಕ್ರೀಂ ಕಡ್ಡಿಯನ್ನು ತುಟಿಗಳಲ್ಲಿ ಮಾತ್ರ ಅಡ್ಡ ಹಿಡಿಯುವುದು ಐದು ನಿಮಿಷದಿಂದ ಶುರುವಾಗಿ ಇಪ್ಪತ್ತಕ್ಕೆ ಹೋಗಬೇಕು. ಹಲ್ಲಲ್ಲಿ ಕಚ್ಚಿ ಮೋಸ ಮಾಡುತ್ತಾರೆ, ಕಡ್ಡಿಯ ಮೇಲಿನ ಗುರುತು ನೋಡಿ. ಗದ್ದದ ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿ ಬಿದ್ದರೆ ತುಟಿಯ ಕೆಲಸವನ್ನು ಗದ್ದದ ಸ್ನಾಯು ಮಾಡುತ್ತಿದೆ. ಆಗ ಸಮಯ ಇಳಿಸಿ.

ಬಲೂನು ಊದುವುದು, ಪೀಪಿ ಊದುವುದು ನಾನು ಮಾಡಿಸುವುದಿಲ್ಲ. ಊದಲು ಕಲಿತ ಮಗು ಊದುವುದರಲ್ಲಿ ಜಾಣವಾಗುತ್ತದೆ, ಅಷ್ಟೇ. ‘ಸ’ ಹೇಳುವಾಗ ನಾಲಿಗೆ ಹೊರಬಂದು ತೊದಲುವ ಮಕ್ಕಳಿಗೂ ಬರೀ ಬಾಯಿ ವ್ಯಾಯಾಮದಿಂದ ಉಚ್ಚಾರ ಸರಿಯಾಗದು, ‘ಸ’ವನ್ನೇ ಕೂರಿಸಿ ಕಲಿಸಬೇಕು. ರಾತ್ರಿ ತುಟಿಗೆ ಟೇಪ್ ಅಂಟಿಸುವುದು ವಿಡಿಯೊಗಳಲ್ಲಿ ಈಗ ಜೋರಾಗಿದೆ. ಮೂಗು ಪರೀಕ್ಷೆಯಾಗದ ಮಗುವಿಗೆ ಅದನ್ನು ಖಂಡಿತ ಮಾಡಬೇಡಿ.

ಗೊರಕೆಯ ದೊಡ್ಡವರೂ ಇದನ್ನು ಕೇಳಿಕೊಂಡು ಬರುತ್ತಾರೆ. ಬ್ರೆಜಿಲ್‌ನಲ್ಲಿ ಮಧ್ಯಮ ಮಟ್ಟದ ಸ್ಲೀಪ್ ಅಪ್ನಿಯ (ನಿದ್ದೆಯಲ್ಲಿ ಆಗಾಗ ಉಸಿರು ಕಟ್ಟುವ ತೊಂದರೆ) ಇದ್ದ 31 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ತಿಂಗಳು ನಾಲಿಗೆ, ಗಂಟಲಿನ ವ್ಯಾಯಾಮ ಮಾಡಿದವರಿಗೆ ಗಂಟೆಗೆ ಸರಾಸರಿ 22ರಷ್ಟಿದ್ದ ಉಸಿರಾಟದ ಅಡಚಣೆ 14ರ ಆಸುಪಾಸಿಗೆ ಇಳಿಯಿತು. ಇಳಿಯಿತು, ನಿಲ್ಲಲಿಲ್ಲ. ಅದಕ್ಕಾಗಿ ರಾತ್ರಿ ಮಾಸ್ಕ್ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಬಳಸುವವರು ವ್ಯಾಯಾಮ ನಂಬಿ ಅದನ್ನು ಬಿಡಬಾರದು.

ಹೆಚ್ಚಿನವರು ತಪ್ಪುವುದು ಮೂರನೇ ವಾರದ ಹೊತ್ತಿಗೆ. ಕನ್ನಡಿ ಮುಂದೆ ಎಲ್ಲ ಸರಿಬಂತು, ಇನ್ನೇಕೆ ಎಂದು ಬಿಡುತ್ತಾರೆ. ಅಲ್ಲಿಂದಲೇ ನಿಜವಾದ ಕೆಲಸ. ಓದುವ ಮೇಜು, ಟಿವಿ ಮೂಲೆ, ಫೋನಿನ ಹಿಂಬದಿಗೆ ಕೆಂಪು ಸ್ಟಿಕರ್ ಹಚ್ಚಿಸುತ್ತೇನೆ. ಕಂಡಾಗಲೆಲ್ಲ ನಾಲಿಗೆ ಮೇಲೆ, ತುಟಿ ಮುಚ್ಚಿ, ಹಲ್ಲು ಸ್ವಲ್ಪ ಬಿಟ್ಟು. ಮಲಗುವ ಮುಂಚೆ ಅದೇ ಭಂಗಿಯಲ್ಲಿ ಐದು ನಿಮಿಷ. ಚಿಕಿತ್ಸೆ ಮುಗಿಸಬಹುದೇ ಎಂದು ನೋಡಲು ಮಗುವಿಗೆ ಹೇಳದೆ ಬಿಸ್ಕತ್ತು ಕೊಟ್ಟು, ಬೇರೇನೋ ಮಾತಾಡುತ್ತ ಅದರ ಗದ್ದ ಗಮನಿಸುತ್ತೇನೆ. ನುಂಗುವಾಗ ಗದ್ದ ಸುಕ್ಕಾಗದೆ, ಕೆನ್ನೆಯ ಹಿಂದಿನ ದವಡೆ ಸ್ನಾಯು ಬಿಗಿದರೆ ಭೇಟಿಗಳನ್ನು ತಿಂಗಳಿಗೊಂದಕ್ಕೆ ಇಳಿಸುತ್ತೇನೆ. ಆಮೇಲೆ ಆರು ತಿಂಗಳಿಗೊಮ್ಮೆ ಬಂದರೆ ಸಾಕು, ದಂತವೈದ್ಯರು ಹೇಳುವವರೆಗೆ ರಿಟೈನರ್ (ಕ್ಲಿಪ್ ತೆಗೆದ ಮೇಲೆ ಹಲ್ಲು ಸರಿಯದಂತೆ ಹಾಕುವ ಸಾಧನ) ಮಾತ್ರ ತೆಗೆಯುವಂತಿಲ್ಲ.