ಊರಿಗೆ ಹೋಗುವಾಗ ಚೀಲದಲ್ಲಿ ಏನಿತ್ತು?

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಜನರ ನೆನಪುಗಳನ್ನು ಕೇಳಿ ಬರೆದುಕೊಳ್ಳುವ ಕೆಲಸ ನನ್ನದು. ಬರೆಯುವ ಅಭ್ಯಾಸ ಇರುವವರು ತಾವೇ ಬರೆದು ಕಳಿಸುತ್ತಾರೆ. ನಾನು ಹುಡುಕಿಕೊಂಡು ಹೋಗುವುದು ಬರೆಯದವರನ್ನು. ಹೋಟೆಲಿನಲ್ಲಿ ದುಡಿದವರು, ನರ್ಸ್ ಆಗಿದ್ದವರು, ಮಿಲ್ಲಿಗೆ ಹೋದವರ ಮನೆಯವರು, ಬ್ಯಾಂಕಿನಲ್ಲಿ ನೋಟು ಎಣಿಸಿದವರು. ಮುಂಬೈಯ ಕನ್ನಡ ಬದುಕು ನಿಂತಿರುವುದೇ ಇವರಿಂದ ಅಲ್ವಾ? ಅಧ್ಯಕ್ಷರ ಫೋಟೋಗೆ ಸಿಗುವಷ್ಟು ಜಾಗ ಇವರ ಮಾತಿಗೂ ಸಿಗಬೇಕು ಅನ್ನುವುದು ನನ್ನ ಹಠ.

"ನಿಮ್ಮ ಜೀವನದ ಬಗ್ಗೆ ಹೇಳಿ" ಎಂದು ನಾನು ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳಿದರೆ "ನಮ್ದೇನಿದೆ ಹೇಳೋಕೆ" ಎಂದು ಚಹಾ ಮಾಡಲು ಎದ್ದು ಹೋಗುತ್ತಾರೆ. ಹಬ್ಬದ ಬಗ್ಗೆ ಕೇಳಬೇಕು, ಇಲ್ಲವೇ ಊರಿನ ಪ್ರಯಾಣದ ಬಗ್ಗೆ. ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಊರಿಗೆ ಹೋಗುವಾಗ ಚೀಲದಲ್ಲಿ ಏನೇನು ಇರುತ್ತಿತ್ತು?

ಇದಕ್ಕೆ ಉತ್ತರ ಇಲ್ಲದವರೇ ಇಲ್ಲ. ದಾದರಿನಲ್ಲಿ ಕೊಂಡ ಸೀರೆ, ಅಪ್ಪನಿಗೊಂದು ಕೊಡೆ, ಮಕ್ಕಳಿಗೆ ಬಿಸ್ಕತ್ತಿನ ಡಬ್ಬ. ದುಡ್ಡು ಸಾಲದೆ ಯಾರ ಹತ್ತಿರ ಕೈಗಡ ತೆಗೆದುಕೊಂಡರು, ಊರಿನಲ್ಲಿ ಯಾರ್ಯಾರು ಕಾಯುತ್ತಿದ್ದರು, ಎಲ್ಲ ಅದರ ಹಿಂದೆಯೇ ಬರುತ್ತದೆ. ವಾಪಸ್ ಬರುವಾಗಿನ ಚೀಲವನ್ನೂ ಕೇಳುತ್ತೇನೆ. ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಹಪ್ಪಳ. ವಿಜಯಪುರದ ಕಡೆಯವರಾದರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ.

ಪ್ರಯಾಣದ ಮಾತು ಬಂದರೆ ಕರಾವಳಿಯವರನ್ನು ನಿಲ್ಲಿಸುವುದು ಕಷ್ಟ. ನಿಲ್ಲಿಸಲೂಬಾರದು. ಕೊಂಕಣ ರೈಲು ದಾರಿಯುದ್ದಕ್ಕೂ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮುಂಚೆ ಬಹಳಷ್ಟು ಜನರಿಗೆ ಬಸ್ಸೇ ಗತಿ. ಮಹಾಡ್, ಚಿಪಳೂಣ್, ಸಾವಂತವಾಡಿ ದಾಟಿ ಗೋವಾ, ಕಾರವಾರ. ಇಲ್ಲದಿದ್ದರೆ ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಸುತ್ತಿ ಘಾಟಿ ಇಳಿಯುವುದು. ತೀರಾ ಹಿರಿಯರು ಹಡಗಿನಲ್ಲಿ ಬಂದ ಕಥೆ ಹೇಳುತ್ತಾರೆ.

ವರ್ಷ ಯಾವುದು ಎಂದು ಮಾತ್ರ ನೇರವಾಗಿ ಕೇಳುವುದಿಲ್ಲ. ಕೇಳಿದರೆ ಅಂದಾಜಿನಲ್ಲಿ ಏನೋ ಒಂದು ಹೇಳುತ್ತಾರೆ, ಅದು ಅಚ್ಚಾಗಿ ಉಳಿದುಬಿಡುತ್ತದೆ. ಅದರ ಬದಲು ಹೀಗೆ ಕೇಳುತ್ತೇನೆ. ಮುಂಬೈಯ ಬಟ್ಟೆ ಮಿಲ್ಲುಗಳ ಮುಷ್ಕರಕ್ಕೆ ಮುಂಚೆಯೋ ಆಮೇಲೆಯೋ? ಅದು ಶುರುವಾದದ್ದು 1982ರ ಜನವರಿಯಲ್ಲಿ. ಆಗ ಕೊಂಕಣ ರೈಲು ಬಂದಿತ್ತಾ? ದೊಡ್ಡ ಮಳೆಯ ಹೊತ್ತಿಗೆ ಮಗಳ ಮದುವೆ ಆಗಿತ್ತಾ? ಅದು 2005ರ ಜುಲೈ 26. ಆ ದಿನ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅವತ್ತು ಎಲ್ಲಿ ಸಿಕ್ಕಿಹಾಕಿಕೊಂಡಿದ್ದೆ ಎಂಬುದನ್ನು ಇಲ್ಲಿನವರು ಮರೆಯುವುದಿಲ್ಲ. ಈ ಮೂರು ಗೂಟಗಳು ಸಿಕ್ಕರೆ ಉಳಿದ ನೆನಪುಗಳನ್ನು ಅವಕ್ಕೆ ಕಟ್ಟಬಹುದು.

ಕುಂದಾಪುರ ಕಡೆಯ ಹಿರಿಯರೊಬ್ಬರು ಹುಡುಗನಾಗಿದ್ದಾಗಲೇ ಬಂದು ಮುಂಬೈಯ ಫೋರ್ಟ್ ಪ್ರದೇಶದ ಹೋಟೆಲು ಸೇರಿದವರು. ಹಗಲು ಗ್ಲಾಸು ತೊಳೆಯುವುದು, ಸಂಜೆ ಕನ್ನಡ ರಾತ್ರಿ ಶಾಲೆ, ಆಮೇಲೆ ಮೇಜು ಜೋಡಿಸಿ ಮಲಗುವುದು. ಇದನ್ನೆಲ್ಲ ಎರಡೇ ಮಾತಿನಲ್ಲಿ ಮುಗಿಸಿದರು. "ಎಲ್ಲರದ್ದೂ ಇದೇ ಕಥೆ ಮಗಾ" ಅಂದರು.

"ಆಯುಧ ಪೂಜೆಗೆ ಹೋಟೆಲಿನಲ್ಲಿ ಏನು ಮಾಡ್ತಿದ್ರಿ ಶೆಟ್ರೇ?" ಎಂದೆ.

ಒರಗಿ ಕೂತವರು ನೆಟ್ಟಗಾದರು. ಹಿಂದಿನ ರಾತ್ರಿ ಹಿಟ್ಟು ರುಬ್ಬಿ ಮುಗಿದ ಮೇಲೆ ರುಬ್ಬುವ ಕಲ್ಲಿಗೆ ಬಿಸಿನೀರು ಹಾಕಿ ತೊಳೆಯಬೇಕು. ದೋಸೆ ಕಾವಲಿಯ ಅಂಚನ್ನು ಇಟ್ಟಿಗೆ ಚೂರಿನಿಂದ ತಿಕ್ಕಬೇಕು. ಬೆಳಿಗ್ಗೆ ಕಲ್ಲಿಗೂ ಗಲ್ಲಾಪೆಟ್ಟಿಗೆಗೂ ಅರಿಶಿನ, ಕುಂಕುಮ, ಚೆಂಡು ಹೂವಿನ ಮಾಲೆ. ಬಾಗಿಲಲ್ಲಿ ಬೂದುಗುಂಬಳ ಒಡೆಯುವುದು. ಹೇಳುತ್ತಾ ಹೇಳುತ್ತಾ ಅವರ ಬಲಗೈ ಗುಂಡುಕಲ್ಲು ತಿರುಗಿಸತೊಡಗಿತು. ಎಡಗೈ ಹಿಟ್ಟನ್ನು ಒಳಕ್ಕೆ ನೂಕುತ್ತಿತ್ತು. ಅವತ್ತು ಮಧ್ಯಾಹ್ನ ಧಣಿಗಳೇ ಹುಡುಗರನ್ನು ಸಾಲಾಗಿ ಕೂರಿಸಿ ಎಲೆ ಹಾಕುತ್ತಿದ್ದರಂತೆ. "ವರ್ಷ ಪೂರ್ತಿ ನಾವು ಬಡಿಸಿದ್ದು. ಆ ಒಂದು ದಿನ ನಮಗೆ ಬಡಿಸ್ತಿದ್ರು" ಎಂದು ಹೇಳಿ ತುಂಬಾ ಹೊತ್ತು ಸುಮ್ಮನಿದ್ದರು. ಫೋನಿನಲ್ಲಿ ಧ್ವನಿ ಮಾತ್ರ ದಾಖಲಾಗುತ್ತದೆ, ಕೈ ಆಡಿದ್ದು ದಾಖಲಾಗುವುದಿಲ್ಲ. ಆದ್ದರಿಂದ ರೆಕಾರ್ಡಿಂಗ್ ಹಾಕಿದ್ದರೂ ನೋಟ್‌ಬುಕ್ ತೊಡೆಯ ಮೇಲೆ ಇರಲೇಬೇಕು.

ಹಬ್ಬ ಕೇಳಿದರೆ ಕೆಲಸದ ಜಾಗವೂ ಕಾಣುತ್ತದೆ. ಬ್ಯಾಂಕಿನಲ್ಲಿದ್ದ ಒಬ್ಬರು ನೆನಪಿಸಿಕೊಂಡಿದ್ದು ಲೋಕಲ್ ರೈಲಿನ ದಸರಾ. ದಿನಾ ಒಂದೇ ಡಬ್ಬಿಯಲ್ಲಿ ಹೋಗುವವರು ವರ್ಗಣಿ ಎತ್ತಿ, ಡಬ್ಬಿಗೆ ಹೂ ಕಟ್ಟಿ, ದೇವಿಯ ಫೋಟೋ ಇಟ್ಟು ಪೂಜೆ ಮಾಡುವುದು, ಮೋಟರ್‌ಮನ್‌ಗೂ ಸಿಹಿ ಕೊಡುವುದು. ನಿವೃತ್ತ ನರ್ಸ್ ಅಕ್ಕ ಹೇಳಿದ್ದು ಸಂಕ್ರಾಂತಿಯ ರಾತ್ರಿ ಪಾಳಿ. ಯೂನಿಫಾರ್ಮಿನ ಜೇಬಿನಲ್ಲಿ ಕುಸುರೆಳ್ಳು ಇಟ್ಟುಕೊಂಡು, ತಿನ್ನಬಹುದಾದ ರೋಗಿಗಳಿಗೆ ನಾಲ್ಕು ನಾಲ್ಕು ಕಾಳು ಕೊಡುತ್ತಿದ್ದರಂತೆ. "ಊರಿಗಿ ಹೋಗಾಕ ರಜಾ ಸಿಗ್ತಿರಲಿಲ್ಲ. ವಾರ್ಡೇ ನಮ್ಮ ಊರು" ಅಂದರು. ಅವರ ಮಾತನ್ನು ನಾನು ತಿದ್ದಲಿಲ್ಲ. ಯಾರದ್ದನ್ನೂ ತಿದ್ದುವುದಿಲ್ಲ.

ಎಲ್ಲ ಹಬ್ಬವೂ ಸಂತೋಷದ್ದಾಗಿರುವುದಿಲ್ಲ. ಮಿಲ್ಲಿನಲ್ಲಿದ್ದವರ ಹೆಂಡತಿಯೊಬ್ಬರಿಗೆ ಮುಷ್ಕರದ ವರ್ಷದ ದೀಪಾವಳಿ ಕೇಳಿದಾಗ, "ಬೋನಸ್ಸೂ ಇಲ್ಲ, ಪಗಾರವೂ ಇಲ್ಲ" ಎಂದು ಅಷ್ಟಕ್ಕೇ ನಿಲ್ಲಿಸಿದರು. ನಾನು ಮುಂದೆ ಕೇಳಲಿಲ್ಲ. ಅಷ್ಟನ್ನೇ ಅಚ್ಚು ಹಾಕಿದೆವು. ಅದಕ್ಕೆ ವಿವರಣೆ ಸೇರಿಸಲು ನನಗೆ ಹಕ್ಕಿಲ್ಲ.

ಫೋಟೋ ಇದ್ದರೆ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ತೆಗೆದುಕೊಳ್ಳುತ್ತೇನೆ. ಫೋಟೋದ ಹಿಂಬದಿಯನ್ನೂ ತೆಗೆಯುತ್ತೇನೆ. ಸ್ಟುಡಿಯೋದ ಮುದ್ರೆ, ತಾರೀಖು ಎಷ್ಟೋ ಸಲ ಅಲ್ಲಿ ಸಿಗುತ್ತದೆ. ಪಿಕ್ನಿಕ್ಕಿನ ಗುಂಪು ಫೋಟೋ ಆದರೆ ಎಡದಿಂದ ಬಲಕ್ಕೆ ಎಲ್ಲರ ಹೆಸರು ಕೇಳಿ ಬರೆದುಕೊಳ್ಳುವುದು ಕಡ್ಡಾಯ. ಹೆಸರು ಗೊತ್ತಿರುವವರು ಈಗ ಇದ್ದಾರೆ, ಆಮೇಲೆ ಯಾರನ್ನು ಕೇಳುವುದು?

ಬರೆದದ್ದನ್ನು ಅಚ್ಚಿಗೆ ಕೊಡುವ ಮುಂಚೆ ಅವರ ಮನೆಗೇ ಹೋಗಿ ಓದಿ ಹೇಳುತ್ತೇನೆ. ಬೇಡ ಅಂದದ್ದನ್ನು ತೆಗೆಯುತ್ತೇನೆ. ಶೆಟ್ಟರು ಒಂದೇ ಒಂದು ಸೇರಿಸಿ ಅಂದರು: ತನಗೆ ರುಬ್ಬಲು ಕಲಿಸಿದ ಅಡುಗೆಯವರ ಹೆಸರು. ಹಾಕಿದೆವು.

ನಮ್ಮ ಬಹಳಷ್ಟು ಮನೆಗಳಲ್ಲಿ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ಅರ್ಥವಾಗುತ್ತದೆ. ಹಾಗಾಗಿ ಸಂಚಿಕೆಯ ಜೊತೆಗೆ ಧ್ವನಿಯನ್ನೂ ಮನೆಯವರ ಫೋನಿಗೆ ಕಳಿಸುತ್ತೇನೆ. ಫೈಲಿಗೆ ಅವರ ಹೆಸರು, ಊರು, ತಿಂಗಳು ಹಾಕಿಯೇ ಕಳಿಸಬೇಕು. ಇಲ್ಲದಿದ್ದರೆ ಮದುವೆಯ ವಿಡಿಯೋಗಳ ನಡುವೆ ಹುಡುಕಿದರೂ ಸಿಗುವುದಿಲ್ಲ.