ಒಳಕ್ಕೆ ತಿರುಗಿದ ರೆಪ್ಪೆಗೂದಲು: ಕೀಳುವ ಮೊದಲು ನಾನು ನೋಡುವುದೇನು

ಉಡುಪಿಯಲ್ಲಿ ಕಣ್ಣಿನ ವೈದ್ಯಳಾಗಿರುವ ನನ್ನ ಬಳಿಗೆ ಬರುವ ಹಿರಿಯರಲ್ಲಿ ಅನೇಕರ ದೂರು ಒಂದೇ ಬಗೆಯದು: ಕಣ್ಣಿಗೆ ಹೊಯಿಗೆ ಬಿದ್ದ ಹಾಗೆ ಆಗುತ್ತದೆ, ನೀರು ಸುರಿಯುತ್ತದೆ, ಬೆಳಕನ್ನು ನೋಡಲಾಗುವುದಿಲ್ಲ. ಅವರಲ್ಲಿ ಕೆಲವರ ರೆಪ್ಪೆಯ ಅಂಚನ್ನು ಸ್ಲಿಟ್ ಲ್ಯಾಂಪಿನಲ್ಲಿ ದೊಡ್ಡದಾಗಿ ನೋಡಿದಾಗ ಒಂದೆರಡು ಕೂದಲುಗಳು ಹೊರಗೆ ಬಾಗುವ ಬದಲು ಒಳಕ್ಕೆ ತಿರುಗಿ, ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಪ್ರತಿ ಮಿಟುಕಿಗೂ ಉಜ್ಜುತ್ತಿರುವುದು ಕಾಣುತ್ತದೆ. ಇಂಥ ಎಳೆಗಳು ಎಷ್ಟೋ ಸಲ ಬಣ್ಣವಿಲ್ಲದೆ ಬಹಳ ತೆಳ್ಳಗಿರುವುದರಿಂದ ಮನೆಯ ಕನ್ನಡಿಯಲ್ಲಿ ಗೋಚರಿಸುವುದಿಲ್ಲ.

ಕೂದಲು ಕಂಡ ಕೂಡಲೇ ನಾನು ಚಿಮುಟ ಹಿಡಿಯುವುದಿಲ್ಲ. ಮೊದಲು ಫ್ಲೋರೆಸಿನ್ ಎಂಬ ಹಳದಿ ಬಣ್ಣವನ್ನು ಕಣ್ಣಿಗೆ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತೇನೆ; ಕಾರ್ನಿಯಾದ ಮೇಲ್ಪದರ ತರಚಿದ್ದಲ್ಲಿ ಅಷ್ಟು ಭಾಗ ಹಸಿರಾಗಿ ಹೊಳೆಯುತ್ತದೆ. ಆ ತರಚು ಗಾಯವೇ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಒಳಹೊಗಲು ದಾರಿಯಾಗುವುದರಿಂದ, ನನ್ನ ಚಿಂತೆ ಕೂದಲಿಗಿಂತ ಅದರ ಬಗ್ಗೆ ಹೆಚ್ಚು. ಅನಂತರ ರೋಗಿಗೆ ಕಣ್ಣನ್ನು ಬಿಗಿಯಾಗಿ ಮುಚ್ಚಿ ತೆರೆಯಲು ಹೇಳುತ್ತೇನೆ, ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಬಿಟ್ಟು ಅದು ಎಷ್ಟು ಬೇಗ ಸ್ವಸ್ಥಾನಕ್ಕೆ ಮರಳುತ್ತದೆ ಎಂದು ಗಮನಿಸುತ್ತೇನೆ, ಮೇಲಿನ ರೆಪ್ಪೆಯನ್ನು ಮಗುಚಿ ಒಳಮೈಯಲ್ಲಿ ಕಲೆಗಳಿವೆಯೇ ಎಂದು ಪರೀಕ್ಷಿಸುತ್ತೇನೆ.

ಬ್ರಹ್ಮಾವರದ ಕಡೆಯಿಂದ ಬಂದಿದ್ದ ಹಿರಿಯ ಮಹಿಳೆಯೊಬ್ಬರು, "ಡಾಕ್ಟ್ರೇ, ಮಗಳು ಕಿತ್ತುಕೊಟ್ಟರೆ ಒಂದು ತಿಂಗಳು ಆರಾಮ, ಮತ್ತೆ ಅದೇ ಚುಚ್ಚು" ಎಂದಿದ್ದರು. ಕಣ್ಣು ತೆರೆದು ಕುಳಿತಿದ್ದಾಗ ಅವರ ಕೆಳರೆಪ್ಪೆ ಸರಿಯಾಗಿಯೇ ಇತ್ತು, ಆದರೆ ಗಟ್ಟಿಯಾಗಿ ಮುಚ್ಚಿ ತೆರೆದಾಗ ಇಡೀ ರೆಪ್ಪೆಯೇ ಒಳಕ್ಕೆ ಮಡಚಿಕೊಂಡಿತು. ವಯಸ್ಸಿನಿಂದ ಸಡಿಲವಾದ ರೆಪ್ಪೆಗೆ ಎಷ್ಟು ಕೂದಲು ಕಿತ್ತರೂ ಪ್ರಯೋಜನವಿಲ್ಲ. ಕೆನ್ನೆಯ ಕಡೆಗೆ ಚರ್ಮವನ್ನು ತುಸು ಎಳೆದು ಕಾಗದದ ಟೇಪು ಅಂಟಿಸುವುದನ್ನು ತಾತ್ಕಾಲಿಕ ಉಪಾಯವಾಗಿ ಮಗಳಿಗೆ ತೋರಿಸಿಕೊಟ್ಟು, ರೆಪ್ಪೆಯನ್ನು ಬಿಗಿಗೊಳಿಸುವ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದೆವು. ಅದು ಸ್ಥಳೀಯ ಅರಿವಳಿಕೆಯಲ್ಲಿಯೇ ಮುಗಿಯುವಂಥದ್ದು.

ಕಿತ್ತ ಕೂದಲು ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಮತ್ತೆ ಬೆಳೆಯುತ್ತದೆ. ಮನೆಯಲ್ಲಿ ಕೀಳುವಾಗ ಅದು ಬೇರುಸಹಿತ ಬರದೆ ನಡುವೆ ತುಂಡಾದರೆ, ಉಳಿದ ಗಿಡ್ಡ ತುದಿ ಮೊದಲಿನ ಉದ್ದ ಕೂದಲಿಗಿಂತ ಹರಿತವಾಗಿ ಚುಚ್ಚುತ್ತದೆ. ಕತ್ತರಿಯಿಂದ ಕತ್ತರಿಸುವವರೂ ಇದ್ದಾರೆ. ಅದನ್ನು ಖಂಡಿತ ಮಾಡಬಾರದು. ಚಿಕಿತ್ಸಾಲಯದಲ್ಲಿ ನಾನು ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಯನ್ನು ಕಣ್ಣುಗುಡ್ಡೆಯಿಂದ ದೂರ ಎಳೆದು, ಶುದ್ಧೀಕರಿಸಿದ ಸಣ್ಣ ಚಿಮುಟದಿಂದ ಕೂದಲನ್ನು ಬುಡದಲ್ಲಿಯೇ ಹಿಡಿದು, ಅದು ಬೆಳೆದ ದಿಕ್ಕಿನಲ್ಲಿ ನಿಧಾನವಾಗಿ ಎಳೆಯುತ್ತೇನೆ. ಬಿಡಿಬಿಡಿಯಾದ ಕೆಲವೇ ಕೂದಲುಗಳು ಮರಳಿ ಮರಳಿ ಬರುತ್ತಿದ್ದರೆ, ಸೂಕ್ಷ್ಮ ಸೂಜಿಯಿಂದ ವಿದ್ಯುತ್ ಹಾಯಿಸಿ ಬೇರನ್ನು ಸುಡುವ ವಿಧಾನವನ್ನು ಆರಿಸಿಕೊಳ್ಳುತ್ತೇನೆ. ಒಂದೇ ಸಲಕ್ಕೆ ಎಲ್ಲ ಬೇರುಗಳೂ ಸಾಯುವುದಿಲ್ಲ ಎಂಬುದನ್ನು ಮುಂಚೆಯೇ ತಿಳಿಸುತ್ತೇನೆ. ತೀವ್ರ ಶೀತದಿಂದ ಬೇರುಗಳನ್ನು ನಾಶಪಡಿಸುವ ಕ್ರಯೋ ಚಿಕಿತ್ಸೆ ಹೆಚ್ಚು ಕೂದಲುಗಳಿರುವಲ್ಲಿ ಉಪಯುಕ್ತವಾದರೂ, ನಮ್ಮಂಥ ಕಂದು ಮೈಬಣ್ಣದವರ ರೆಪ್ಪೆಯಲ್ಲಿ ಬಿಳಿ ಮಚ್ಚೆ ಉಳಿಸಬಹುದಾದ್ದರಿಂದ ನಾನು ಅದನ್ನು ಸುಲಭವಾಗಿ ಸೂಚಿಸುವುದಿಲ್ಲ.

ನಮ್ಮ ಕರಾವಳಿಯಲ್ಲಿ ನಾನು ಹೆಚ್ಚಾಗಿ ಕಾಣುವ ಕಾರಣವೆಂದರೆ ರೆಪ್ಪೆಯ ಅಂಚಿನ ದೀರ್ಘಕಾಲದ ಉರಿಯೂತ. ಕೂದಲ ಬುಡದಲ್ಲಿ ಹೊಟ್ಟು ಕಟ್ಟುತ್ತದೆ, ಎಣ್ಣೆಗ್ರಂಥಿಗಳ ಬಾಯಿ ಮುಚ್ಚುತ್ತದೆ, ವರ್ಷಗಟ್ಟಲೆ ಹೀಗೇ ಮುಂದುವರಿದರೆ ಕೂದಲಿನ ಬೇರು ದಿಕ್ಕು ತಪ್ಪುತ್ತದೆ. ತಡೆಗಟ್ಟಲು ಸಾಧ್ಯವಿರುವುದು ಮುಖ್ಯವಾಗಿ ಇದನ್ನೇ. ಶುದ್ಧ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಕೈಗೆ ಹಿತವಾಗುವಷ್ಟು ಬಿಸಿಯಿರುವಾಗ ಮುಚ್ಚಿದ ರೆಪ್ಪೆಯ ಮೇಲೆ ಐದರಿಂದ ಹತ್ತು ನಿಮಿಷ ಇಟ್ಟು, ಆಮೇಲೆ ರೆಪ್ಪೆಯ ಅಂಚನ್ನು ಮೃದುವಾಗಿ ಒರೆಸಿ ಸ್ವಚ್ಛಗೊಳಿಸುವ ಅಭ್ಯಾಸವನ್ನು ದಿನವೂ ಮಾಡುವಂತೆ ನಾನು ಹೇಳಿಕೊಡುತ್ತೇನೆ, ಏಕೆಂದರೆ ಎರಡು ವಾರ ಮಾಡಿ ಬಿಟ್ಟವರಲ್ಲಿ ಉರಿ ಮರಳುತ್ತದೆ. ಮಲಗುವ ಮುಂಚೆ ಕಾಡಿಗೆ ತೊಳೆಯುವುದೂ ಇದರ ಭಾಗವೇ. ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಎದೆಹಾಲು ಇವುಗಳನ್ನು ಕಣ್ಣಿಗೆ ಬಿಡುವ ರೂಢಿ ನಮ್ಮಲ್ಲಿ ಹಳೆಯದು, ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ; ಆದರೆ ತರಚಿದ ಕಾರ್ನಿಯಾದ ಮೇಲೆ ಶುದ್ಧೀಕರಿಸದ ಯಾವುದನ್ನೂ ಹಾಕಕೂಡದು. ಔಷಧದಂಗಡಿಯಿಂದ ತಾವಾಗಿಯೇ ತಂದ ಸ್ಟೀರಾಯ್ಡ್ ಹನಿಗಳ ವಿಷಯದಲ್ಲಿಯೂ ನಾನು ಇಷ್ಟೇ ಕಟ್ಟುನಿಟ್ಟು: ಅವು ಕೆಂಪನ್ನು ಅಡಗಿಸುತ್ತ ಒಳಗಿನ ಸೋಂಕನ್ನು ಬೆಳೆಸಬಲ್ಲವು.

ಎಲ್ಲ ಪ್ರಕರಣಗಳೂ ಇಷ್ಟು ಸರಳವಲ್ಲ. ಟ್ರಕೋಮಾ ಎಂಬ ಕಣ್ಣಿನ ಸಾಂಕ್ರಾಮಿಕ ರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಭಾರತ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಮಾನ್ಯ ಮಾಡಿದ್ದರೂ, ಬಾಲ್ಯದ ಸೋಂಕು ಬಿಟ್ಟುಹೋದ ಕಲೆ ವೃದ್ಧಾಪ್ಯದಲ್ಲಿ ಮೇಲಿನ ರೆಪ್ಪೆಯನ್ನು ಒಳಕ್ಕೆ ಸೆಳೆಯಬಹುದು. ಮಾತ್ರೆಯ ತೀವ್ರ ಅಲರ್ಜಿಯಿಂದ ಮೈಯೆಲ್ಲ ಬೊಬ್ಬೆಯೆದ್ದು ಬದುಕುಳಿದವರಲ್ಲಿ, ಮತ್ತು ದೇಹದ ರೋಗನಿರೋಧಕ ಶಕ್ತಿಯೇ ಕಣ್ಣಿನ ಒಳಪೊರೆಯ ಮೇಲೆ ತಿರುಗಿಬಿದ್ದವರಲ್ಲಿ, ಉರಿಯೂತ ಹತೋಟಿಗೆ ಬರುವ ಮೊದಲು ರೆಪ್ಪೆಗೆ ಕೈ ಹಚ್ಚಿದರೆ ಕಲೆ ಇನ್ನಷ್ಟು ಬಿಗಿಯಾಗುವ ಅಪಾಯವಿದೆ. ಇಂಥವರನ್ನು ನಾನು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳುಹಿಸುತ್ತೇನೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಗಂಟು ಎದ್ದು, ಅಲ್ಲಿನ ಕೂದಲು ಉದುರಿದ್ದರೆ ಅಥವಾ ಸೊಟ್ಟಗಾಗಿದ್ದರೆ ಅದು ರೆಪ್ಪೆಯ ಎಣ್ಣೆಗ್ರಂಥಿಯ ಕ್ಯಾನ್ಸರ್ ಆಗಿರಲೂ ಸಾಧ್ಯವೆಂದು ಬಯಾಪ್ಸಿ ಮಾಡಿಸದೆ ಬಿಡುವುದಿಲ್ಲ. ಪುಟ್ಟ ಮಕ್ಕಳಲ್ಲಿ ಕೆಳರೆಪ್ಪೆಯ ಚರ್ಮದ ಮಡಿಕೆ ಕೂದಲನ್ನು ಒಳಕ್ಕೆ ದೂಡುವುದುಂಟು. ಮುಖ ಬೆಳೆದಂತೆ ಹಲವರಲ್ಲಿ ಅದು ತಾನಾಗಿ ಸರಿಹೋಗುವುದರಿಂದ, ಕಾರ್ನಿಯಾ ಚೆನ್ನಾಗಿರುವವರೆಗೆ ಕಾದು ನೋಡುತ್ತೇನೆ. ನೋವು ಹೆಚ್ಚಿ, ದೃಷ್ಟಿ ಮಂಜಾಗಿ, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಮಾತ್ರ ಯಾವ ವಯಸ್ಸಿನವರೂ ಮರುದಿನದವರೆಗೆ ಕಾಯಬಾರದು.

ಯಕ್ಷಗಾನ ಕಲಾವಿದರಿಗೆ ನಾನು ಬೇರೆಯಾಗಿಯೇ ಒಂದಿಷ್ಟು ಹೇಳುತ್ತೇನೆ. ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಯವರೆಗೂ ಊರೂರು ಸುತ್ತುವ ಅವರು ಬೆಳಗಿನ ಜಾವ ದಣಿದು ಬಣ್ಣ ತೆಗೆಯುವಾಗ ರೆಪ್ಪೆಯನ್ನು ಜೋರಾಗಿ ತಿಕ್ಕುತ್ತಾರೆ. ತೆಂಗಿನೆಣ್ಣೆಯನ್ನು ಕಣ್ಣಿನೊಳಗೆ ಇಳಿಯದಂತೆ ಹತ್ತಿಯಲ್ಲಿ ತೆಗೆದುಕೊಂಡು, ಮುಚ್ಚಿದ ಕಣ್ಣಿನ ಮೇಲೆ ಹಗುರವಾಗಿ ಒರೆಸಿ, ಬಳಿಕ ಮುಖ ತೊಳೆಯಬೇಕು. ರಾಕ್ಷಸ ಪಾತ್ರಗಳ ಬಣ್ಣದ ವೇಷದಲ್ಲಿ ಮುಖದ ಮೇಲೆ ಇಡುವ ಉಬ್ಬು ಚುಕ್ಕೆಗಳಾದ ಚಿಟ್ಟಿಯಲ್ಲಿ ಅಕ್ಕಿಹಿಟ್ಟಿನ ಜೊತೆ ಸುಣ್ಣವೂ ಸೇರುವುದರಿಂದ ಇನ್ನೊಂದು ಎಚ್ಚರ ಅಗತ್ಯ. ಸುಣ್ಣದ ಸುಟ್ಟಗಾಯ ಮಾಗುವಾಗ ರೆಪ್ಪೆಯ ಒಳಮೈ ಕುಗ್ಗಿ ಕೂದಲು ಒಳಕ್ಕೆ ತಿರುಗುವುದುಂಟು. ಸುಣ್ಣ ಕಣ್ಣಿಗೆ ಹಾರಿದರೆ, ವೇಷ ಕಟ್ಟುವ ಚೌಕಿಯಲ್ಲೇ ಆಗಲಿ ಎಲೆಯಡಿಕೆ ಮೆಲ್ಲುವ ಮನೆಯ ಜಗಲಿಯಲ್ಲೇ ಆಗಲಿ, ಕಣ್ಣು ತೆರೆದು ಹಿಡಿದು ಶುದ್ಧ ನೀರನ್ನು ಅರ್ಧ ಗಂಟೆ ಬಿಡದೆ ಹರಿಸಿ, ರೆಪ್ಪೆಯ ಸಂದಿಯಲ್ಲಿ ಉಳಿದ ಚೂರುಗಳನ್ನು ತೊಳೆದು, ಆಮೇಲೆ ಆಸ್ಪತ್ರೆಗೆ ಹೊರಡಬೇಕು.